ನಿಮ್ಮ ಥೆರಪಿಸ್ಟ್ ಯಾರನ್ನು ಕೇಳುತ್ತಾರೆ?

ಕಳೆದ ಸಂಚಿಕೆಯಲ್ಲಿ "ಹೊಸ ಕೌನ್ಸೆಲರ್‌ಗಳನ್ನು ನಂಬಬಹುದಾ?" ಎಂದು ಒಬ್ಬರು ಕೇಳಿದ್ದರು. "ನಂಬಬಹುದು, ಅವರ ಹಿಂದೆ ಒಬ್ಬ ಸೀನಿಯರ್ ಇದ್ದರೆ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಒಂದು ಸಾಲು ಸಾಲಲಿಲ್ಲ ಅಂತ ಕಾಣುತ್ತದೆ. ಕ್ಲೈಂಟುಗಳೂ ಬರೆದಿದ್ದಾರೆ, ಹೊಸ ಥೆರಪಿಸ್ಟರೂ ಬರೆದಿದ್ದಾರೆ, ನನ್ನ ವಯಸ್ಸಿನವರೊಬ್ಬರು ಸಿಟ್ಟಿನಲ್ಲೂ ಬರೆದಿದ್ದಾರೆ. ಹಾಗಾಗಿ ಈ ಸಲ ಮಕ್ಕಳ ಹಟ, ಅತ್ತೆ-ಸೊಸೆ, ಪರೀಕ್ಷೆ ಭಯ ಎಲ್ಲಕ್ಕೂ ರಜೆ. ಬರೆದವರ ಗುರುತು ಸಿಗದಂತೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಪ್ರಶ್ನೆ: ನನಗೆ 54 ವರ್ಷ, ಬ್ಯಾಂಕ್ ನೌಕರ. ಹೆಂಡತಿ ತೀರಿಕೊಂಡ ಮೇಲೆ ನಿದ್ದೆ ಹತ್ತುತ್ತಿಲ್ಲ. ಡಾಕ್ಟರು ಕೌನ್ಸೆಲಿಂಗ್‌ಗೆ ಕಳಿಸಿದರು. ಒಳಗೆ ಹೋದರೆ ನನ್ನ ಮಗಳಿಗಿಂತ ಚಿಕ್ಕ ಹುಡುಗಿ ಕೂತಿದ್ದಾಳೆ. ಒಳ್ಳೆಯವಳೇ, ಆದರೆ ನೋಟ್‌ಬುಕ್ ನೋಡಿಕೊಂಡು ಪ್ರಶ್ನೆ ಕೇಳುತ್ತಾಳೆ. ಮದುವೆಯೇ ಆಗದವಳಿಗೆ ನನ್ನ ಕಷ್ಟ ಏನು ಗೊತ್ತಾಗುತ್ತದೆ? ಬೇರೆಯವರನ್ನು ಕೇಳಲೇ?
— ಶಿವಮೊಗ್ಗದ ಓದುಗರು

ಉತ್ತರ: ಮನೆಯಲ್ಲಿ ಅಷ್ಟು ವರ್ಷ ಜೊತೆಗಿದ್ದವರು ಇಲ್ಲವಾದಾಗ ನಿದ್ದೆ ಹೋಗುವುದು ನಿಮ್ಮೊಬ್ಬರಿಗೇ ಆಗಿದ್ದಲ್ಲ. ಮನೆಯಿಂದ ಹೊರಟು ಒಬ್ಬರ ಮುಂದೆ ಹೋಗಿ ಕೂತಿದ್ದೀರಲ್ಲ, ಅದಕ್ಕೇ ಅರ್ಧ ಗಂಡಸರಿಗೆ ಧೈರ್ಯ ಬರುವುದಿಲ್ಲ.

ಇನ್ನು ಆ ಹುಡುಗಿ. ಹೆರಿಗೆ ಮಾಡಿಸುವ ಗಂಡು ಡಾಕ್ಟರನ್ನು "ನಿಮಗೆ ನೋವು ಏನು ಗೊತ್ತು?" ಎಂದು ನಾವು ಕೇಳುವುದಿಲ್ಲ, ಅಲ್ವಾ? ನಿಮ್ಮ ಕಷ್ಟವನ್ನು ಅವರು ಮೊದಲೇ ಅನುಭವಿಸಿರಬೇಕಿಲ್ಲ. ನೀವು ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು, ಅಷ್ಟೆ. ಎಷ್ಟೋ ಸಲ ಅನುಭವ ಇದ್ದವರೇ ಕೇಳಿಸಿಕೊಳ್ಳುವುದು ಕಡಿಮೆ. "ಹೌದ್ರೀ, ನಮ್ಮ ಮನೆಯಲ್ಲೂ ಹಿಂಗೇ ಆಯ್ತು" ಎಂದು ತಮ್ಮ ಕಥೆ ಶುರು ಮಾಡಿಬಿಡುತ್ತಾರೆ.

ವಯಸ್ಸಿನ ಬಗ್ಗೆ ಒಂದು ವಿಷಯ ಹೇಳುತ್ತೇನೆ, ನನ್ನಂಥ ಬಿಳಿ ಕೂದಲಿನವರಿಗೆ ಅದೇನೂ ಖುಷಿಯ ಸುದ್ದಿಯಲ್ಲ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ಕೇಂದ್ರದಲ್ಲಿ 170 ಥೆರಪಿಸ್ಟರ ಹಲವು ವರ್ಷಗಳ ಕೆಲಸವನ್ನು ಲೆಕ್ಕ ಹಾಕಿ ನೋಡಿದರು. 2016ರಲ್ಲಿ ಅದು ಪ್ರಕಟವಾಯಿತು. ವರ್ಷ ಕಳೆದಂತೆ ಕೈ ಪಳಗುತ್ತದೆ ಎಂದು ಎಲ್ಲರೂ ನಂಬಿದ್ದೆವು. ಒಟ್ಟಾರೆ ನೋಡಿದರೆ ಪಳಗಿರಲಿಲ್ಲ. ಕೂದಲೆಳೆಯಷ್ಟು ಹಿಂದೆಯೇ ಬಿದ್ದಿದ್ದರು. ಕೆಲವರು ಮಾತ್ರ ಮುಂದೆ ಹೋಗಿದ್ದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೆನಡಾದ ಕ್ಯಾಲ್ಗರಿಯ ಒಂದು ಕೇಂದ್ರದಿಂದ ಬೇರೆಯದೇ ಫಲಿತಾಂಶ ಬಂತು. ಅಲ್ಲಿ ಪ್ರತಿ ಸಲವೂ ಕ್ಲೈಂಟ್ ಹೇಗಿದ್ದಾರೆ ಎಂದು ಅಳೆಯುತ್ತಿದ್ದರು. ಸುಧಾರಿಸದವರ ಕೇಸನ್ನು ಥೆರಪಿಸ್ಟರು ಬೇರೆಯವರ ಮುಂದೆ ಇಟ್ಟು ಚರ್ಚೆ ಮಾಡುತ್ತಿದ್ದರು. ಅಲ್ಲಿನವರು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಸುಧಾರಿಸಿದರು.

ಅದಕ್ಕೆ ನಿಮ್ಮ ಹುಡುಗಿಗೆ ಎಷ್ಟು ವರ್ಷ ಎಂದು ಲೆಕ್ಕ ಹಾಕಬೇಡಿ. ಮುಂದಿನ ಸಲ ಹೋದಾಗ ನೇರವಾಗಿ ಕೇಳಿ: "ನನ್ನ ಕೇಸಿನ ಬಗ್ಗೆ ನೀವು ಯಾರ ಹತ್ತಿರ ಚರ್ಚೆ ಮಾಡುತ್ತೀರಿ?" "ಪ್ರತಿ ವಾರ ನಮ್ಮ ಸೀನಿಯರ್ ಜೊತೆ ಕೂರುತ್ತೇನೆ" ಎಂದರೆ ನೆಮ್ಮದಿಯಾಗಿ ಮುಂದುವರಿಯಿರಿ. ಒಂದು ಫೀಸಿನಲ್ಲಿ ಎರಡು ತಲೆ ನಿಮ್ಮ ಬಗ್ಗೆ ಯೋಚಿಸುತ್ತಿವೆ. "ಅದೆಲ್ಲ ಬೇಕಾಗಲ್ಲ ಸರ್, ನಾನೇ ನೋಡಿಕೊಳ್ಳುತ್ತೇನೆ" ಎಂದರೆ ಮಾತ್ರ ಬೇರೆಯವರನ್ನು ಹುಡುಕಿ. ಈ ಮಾತನ್ನು ಇಪ್ಪತ್ತು ವರ್ಷದ ಅನುಭವಿ ಹೇಳಿದರೂ ಹುಡುಕಿ.

ನೋಟ್‌ಬುಕ್ ನನಗೇನೋ ಇಷ್ಟವಾಯಿತು. ತಯಾರಿ ಮಾಡಿಕೊಂಡು ಬಂದಿದ್ದಾಳೆ. ಆದರೆ ನಿಮಗೆ ಕಿರಿಕಿರಿಯಾದರೆ ಹೇಳಿಬಿಡಿ: "ಅಮ್ಮಾ, ಪುಸ್ತಕ ಸ್ವಲ್ಪ ಪಕ್ಕಕ್ಕಿಡು, ನಾನು ಹೇಳ್ತೀನಿ." ಅವಳು ಅದನ್ನು ಹೇಗೆ ತೆಗೆದುಕೊಳ್ಳುತ್ತಾಳೆ ಎಂಬುದರಲ್ಲೇ ನಿಮಗೆ ಬೇಕಾದ ಉತ್ತರ ಸಿಗುತ್ತದೆ. ನಾಲ್ಕೈದು ಸಲ ಹೋಗಿ ನೋಡಿ. ನಿದ್ದೆ ಇನ್ನೂ ಕೆಟ್ಟರೆ, ಊಟ ಸೇರದಿದ್ದರೆ, ಕಳಿಸಿದ ಡಾಕ್ಟರಿಗೆ ತಿಳಿಸಿ. ಅದಕ್ಕೆ ಐದನೇ ಸೆಷನ್‌ವರೆಗೆ ಕಾಯಬೇಕಿಲ್ಲ.

ಪ್ರಶ್ನೆ: ನಾನು ಸೈಕಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಕೌನ್ಸೆಲರ್ ಆಗಿ ಸೇರಿದ್ದೇನೆ. ದಿನಕ್ಕೆ ಎಂಟು ಸೆಷನ್. ಮೇಲಿನವರು ರೇಟಿಂಗ್ ಮಾತ್ರ ನೋಡುತ್ತಾರೆ, ಕೇಸಿನ ಬಗ್ಗೆ ಮಾತಾಡಲು ಯಾರೂ ಇಲ್ಲ. ಕಳೆದ ವಾರ ಒಬ್ಬರು ಅಳುತ್ತಾ "ನಾನು ಇದ್ದರೆಷ್ಟು, ಹೋದರೆಷ್ಟು" ಎಂದರು. ಅದರ ಬಗ್ಗೆ ಕೇಳಿದರೆ ಆ ಯೋಚನೆ ಇನ್ನೂ ಜಾಸ್ತಿ ಆಗುತ್ತಾ ಎಂದು ಭಯ. ನಾಡಿದ್ದು ಮತ್ತೆ ಬರುತ್ತಾರೆ. ನನಗೆ ಈ ಕೆಲಸಕ್ಕೆ ಯೋಗ್ಯತೆಯೇ ಇಲ್ಲವೇನೋ ಅನ್ನಿಸುತ್ತಿದೆ.
— ದಾವಣಗೆರೆಯ ಹುಡುಗಿ

ಉತ್ತರ: ನಿಮ್ಮ ಯೋಗ್ಯತೆ ಆಮೇಲೆ ನೋಡೋಣ. ಮೊದಲು ಆ ಮನುಷ್ಯ. (ಈ ಭಾಗವನ್ನು ನಿಮಗೆ ಆಗಲೇ ಇಮೇಲ್‌ನಲ್ಲಿ ಬರೆದಿದ್ದೇನೆ. ಉಳಿದವರಿಗೂ ಬೇಕಾಗಬಹುದು ಎಂದು ಇಲ್ಲಿ ಹಾಕುತ್ತಿದ್ದೇನೆ.)

ನಾಡಿದ್ದಿನವರೆಗೆ ಕಾಯಬೇಡಿ. ಇವತ್ತೇ ಫೋನ್ ಮಾಡಿ. ಸುತ್ತಿ ಬಳಸಿ ಮಾತಾಡಬೇಡಿ: "ಹೋದ ವಾರ ನೀವು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಸಾಯಬೇಕು ಅನ್ನಿಸುತ್ತಾ?" ಹೌದು ಎಂದರೆ, ಹೇಗೆ ಎಂದು ಯೋಚಿಸಿದ್ದಾರಾ, ಏನಾದರೂ ತಯಾರಿ ಮಾಡಿಕೊಂಡಿದ್ದಾರಾ, ಹಿಂದೆ ಪ್ರಯತ್ನ ಮಾಡಿದ್ದರಾ, ಈಗ ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದರ ಬಗ್ಗೆ ಸಾಕಷ್ಟು ಅಧ್ಯಯನ ಆಗಿದೆ. ಕೇಳಿದಾಗ ಎಷ್ಟೋ ಜನ ನಿಟ್ಟುಸಿರು ಬಿಡುತ್ತಾರೆ. ಅಷ್ಟು ದಿನ ಯಾರೂ ಕೇಳಿರುವುದೇ ಇಲ್ಲ.

ತಯಾರಿ ಇದೆ ಎಂದು ಗೊತ್ತಾದರೆ ಅವರನ್ನು ಒಂಟಿಯಾಗಿ ಬಿಡಬಾರದು. ಮನೆಯವರನ್ನು ಕರೆಯಿರಿ, ಅದೇ ದಿನ ಮನೋವೈದ್ಯರ ಹತ್ತಿರ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. 2022ರ ಅಕ್ಟೋಬರ್‌ನಿಂದ ಹಗಲು ರಾತ್ರಿ ನಡೆಯುತ್ತಿದೆ, ಕನ್ನಡದಲ್ಲೂ ಮಾತಾಡಬಹುದು. ಗುಟ್ಟು ಕಾಪಾಡುವ ಮಾತು ಕೊಟ್ಟಿದ್ದೇನಲ್ಲ ಎಂದು ಒದ್ದಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್, ಜೀವಕ್ಕೆ ಅಪಾಯ ಇದ್ದಾಗ ಬೇಕಾದಷ್ಟನ್ನು ಹೇಳಲು ಅವಕಾಶ ಕೊಡುತ್ತದೆ. ಪೊಲೀಸ್ ಕೇಸ್ ಆಗುತ್ತದೆ ಎಂಬ ಭಯ ಹೊಸಬರಲ್ಲಿ ಬಹಳ. ಅದೇ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೊದಲು ಭಾವಿಸಬೇಕು, ಅವರನ್ನು ಶಿಕ್ಷಿಸುವ ಹಾಗಿಲ್ಲ. ಏನು ಕೇಳಿದಿರಿ, ಅವರು ಏನೆಂದರು, ಯಾರಿಗೆ ತಿಳಿಸಿದಿರಿ, ಎಲ್ಲ ಅದೇ ದಿನ ಬರೆದಿಡಿ.

ಈಗ ನೀವು. ದಿನಕ್ಕೆ ಎಂಟು ಸೆಷನ್ ನನಗೂ ಆಗುವುದಿಲ್ಲ. ಮೊದಲ ವರ್ಷದವರಿಗೆ ನಾಲ್ಕು, ತೀರಾ ಎಂದರೆ ಐದು. ಇದು ಯಾವ ಕಾನೂನಿನಲ್ಲೂ ಇಲ್ಲ, ನನ್ನ ಅಭಿಪ್ರಾಯ. ಹೊಸಬರಿಗೆ ಒಂದು ಸೆಷನ್ ಒಂದು ಗಂಟೆಗೆ ಮುಗಿಯುವುದಿಲ್ಲ. ಅದನ್ನು ಬರೆಯಬೇಕು, ಮತ್ತೆ ಯೋಚಿಸಬೇಕು, ಪುಸ್ತಕ ತೆಗೆದು ನೋಡಬೇಕು. ಎಂಟು ಜನರನ್ನು ನೋಡಿದವಳು ರಾತ್ರಿ ಎಂಟಕ್ಕೆ ಯೋಚಿಸುವುದು ಊಟದ ಬಗ್ಗೆ ಮಾತ್ರ.

ನನ್ನ ತರಬೇತಿ 80ರ ದಶಕದ್ದು. ಆಗ ನಮ್ಮ ಗೈಡ್ ಹತ್ತಿರ ಒಂದು ದಪ್ಪ ಕ್ಯಾಸೆಟ್ ರೆಕಾರ್ಡರ್ ಇತ್ತು. ರೋಗಿಯ ಒಪ್ಪಿಗೆ ತೆಗೆದುಕೊಂಡು ರೆಕಾರ್ಡ್ ಮಾಡುತ್ತಿದ್ದೆವು. ಆಮೇಲೆ ಗೈಡ್ ಕೋಣೆಯಲ್ಲಿ ಬ್ಯಾಚಿನವರೆಲ್ಲ ಕೂತು ಕೇಳಬೇಕು. ಅವರು ನಡುನಡುವೆ ಟಕ್ ಎಂದು ನಿಲ್ಲಿಸುತ್ತಿದ್ದರು. "ಅವನು ತಮ್ಮನ ಸಾವಿನ ಬಗ್ಗೆ ಹೇಳಲಿಕ್ಕೆ ಬಾಯಿ ತೆಗೆದ. ನೀ ಅವನ ಆಫೀಸಿನ ಬಗ್ಗೆ ಕೇಳಿದಿ. ಆ ಹೊತ್ತಿಗೆ ನಿನಗೇನಾತು?" ಇಷ್ಟೇ. ತಪ್ಪು ಎನ್ನುತ್ತಿರಲಿಲ್ಲ, ಸರಿ ಎಂದೂ ಎನ್ನುತ್ತಿರಲಿಲ್ಲ. ನಿನಗೇನಾತು ಎಂಬುದೊಂದೇ ಪ್ರಶ್ನೆ. ನಮ್ಮ ಬ್ಯಾಚಿನ ಗಟ್ಟಿಗ ಹುಡುಗರೂ ಆ ಪ್ರಶ್ನೆಗೆ ಬೆವರುತ್ತಿದ್ದರು. ಡಯಾಗ್ನೋಸಿಸ್ ಕೇಳಿದರೆ ಎಲ್ಲರೂ ಪಟಪಟ ಹೇಳುತ್ತಿದ್ದರು.

ಸೂಪರ್‌ವಿಷನ್ ಎಂದರೆ ಇದು. ಅಟೆಂಡೆನ್ಸ್ ನೋಡುವುದಲ್ಲ, ರೇಟಿಂಗ್ ನೋಡುವುದೂ ಅಲ್ಲ. ಇದೇನು ಹೊಸ ಫ್ಯಾಷನ್ನೂ ಅಲ್ಲ. 1920ರಲ್ಲಿ ಬರ್ಲಿನ್‌ನಲ್ಲಿ ಫ್ರಾಯ್ಡ್ ಹುಟ್ಟುಹಾಕಿದ ಮನೋವಿಶ್ಲೇಷಣೆ ಕಲಿಸಲು ಶುರು ಮಾಡಿದಾಗಲೇ, ಕಲಿಯುವವರು ತಮ್ಮ ಕೇಸುಗಳನ್ನು ಹಿರಿಯರ ಮುಂದೆ ಇಟ್ಟು ನಡೆಸಬೇಕು ಎಂಬ ಪದ್ಧತಿ ಬಂತು. 1940ರ ದಶಕದ ಆರಂಭದಲ್ಲಿ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಅಮೆರಿಕದ ಒಹಾಯೋದಲ್ಲಿ ಸೆಷನ್‌ಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ರೆಕಾರ್ಡ್ ಮಾಡಿಸಿ, ವಿದ್ಯಾರ್ಥಿಗಳ ಜೊತೆ ಕೂತು ಕೇಳುತ್ತಿದ್ದರು. ಒಂದು ತಟ್ಟೆ ಕೆಲವೇ ನಿಮಿಷಕ್ಕೆ ಮುಗಿಯುತ್ತಿತ್ತು. ಆ ಕಷ್ಟದಲ್ಲೂ ಬಿಡಲಿಲ್ಲ. ನಾವು ಸೆಷನ್‌ನಲ್ಲಿ ಏನು ಮಾಡಿದೆವು ಎಂದು ನೆನಪಿನಿಂದ ಹೇಳುವುದಕ್ಕೂ ನಿಜವಾಗಿ ಮಾಡಿದ್ದಕ್ಕೂ ಎಷ್ಟು ದೂರ ಎಂದು ಅದರಿಂದ ಗೊತ್ತಾಯಿತು. ಬ್ರಿಟನ್ನಿನ ದೊಡ್ಡ ಕೌನ್ಸೆಲರ್ ಸಂಘ, ಬಿ.ಎ.ಸಿ.ಪಿ., ಇವತ್ತಿಗೂ ತನ್ನ ಮಾನ್ಯತೆ ಪಡೆದ ಸದಸ್ಯರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಕಡ್ಡಾಯ ಮಾಡಿದೆ. ಹೊಸಬರಿಗೆ ಮಾತ್ರ ಅಲ್ಲ, ಎಪ್ಪತ್ತು ವರ್ಷದವರಿಗೂ.

ಹಾಗಾದರೆ ನೀವು ಏನು ಮಾಡಬೇಕು? ಸಂಸ್ಥೆಗೆ ಬರವಣಿಗೆಯಲ್ಲಿ ಕೇಳಿ: ವಾರಕ್ಕೊಂದು ಗಂಟೆ ಸೂಪರ್‌ವಿಷನ್, ಜೊತೆಗೆ ಜೀವಕ್ಕೆ ಅಪಾಯ ಇರುವ ಕೇಸಿನಲ್ಲಿ ತಕ್ಷಣ ಫೋನ್ ಮಾಡಲು ಒಬ್ಬರ ನಂಬರು. ಎರಡನೆಯದಕ್ಕೂ ಇಲ್ಲ ಎಂದರೆ ಆ ಕೆಲಸ ಬಿಡುವ ಯೋಚನೆ ಮಾಡಿ. ಸಂಬಳ ಎಷ್ಟೇ ಇರಲಿ. ಮೊದಲನೆಯದಕ್ಕೆ ಮಾತ್ರ ಇಲ್ಲ ಎಂದರೆ ಹೊರಗೆ ಹುಡುಕಿ. ಒಬ್ಬರೇ ಫೀಸು ಕೊಡುವುದು ಕಷ್ಟವಾದರೆ ನಾಲ್ಕು ಗೆಳತಿಯರು ಸೇರಿ ಒಬ್ಬ ಸೀನಿಯರ್‌ಗೆ ಕೊಡಿ. ಮೈಸೂರಿನಲ್ಲಿ ನನ್ನ ಮನೆಯ ಹಾಲ್‌ನಲ್ಲಿ ಶನಿವಾರ ಮಧ್ಯಾಹ್ನ ಇಂಥದ್ದೇ ಒಂದು ಗುಂಪು ಕೂರುತ್ತದೆ. ಒಂದು ದಿನಕ್ಕೆ ಒಂದೇ ಕೇಸು. ಹೆಸರು, ಊರು, ಕೆಲಸ ಹೇಳುವ ಹಾಗಿಲ್ಲ. ಮೊದಲ ಕಾಲು ಗಂಟೆ ಯಾರೂ ಸಲಹೆ ಕೊಡುವ ಹಾಗಿಲ್ಲ. ಇದು ಎಲ್ಲಕ್ಕಿಂತ ಕಷ್ಟದ ನಿಯಮ, ಮುರಿದವರು ಮುಂದಿನ ವಾರ ಎಲ್ಲರಿಗೂ ಮದ್ದೂರು ವಡೆ ತರಬೇಕು. ಚೆನ್ನಾಗಿ ನಡೆದ ಸೆಷನ್ ತರಬೇಡಿ ಎಂದು ಹೇಳಿದ್ದೇನೆ. ಯಾವ ಹತ್ತು ನಿಮಿಷವನ್ನು ಯಾರಿಗೂ ಕೇಳಿಸಬಾರದು ಅನ್ನಿಸುತ್ತದೋ ಅದನ್ನೇ ತನ್ನಿ.

ಇನ್ನೊಂದು: ರೋಲ್ ಪ್ಲೇ (ಒಬ್ಬರು ಕ್ಲೈಂಟ್, ಒಬ್ಬರು ಥೆರಪಿಸ್ಟ್ ಆಗಿ ನಟಿಸಿ ಮಾಡುವ ಅಭ್ಯಾಸ) ಮಾಡುವಾಗ ಕನ್ನಡದಲ್ಲಿ ಮಾಡಿ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಅಳುವವರು ಬರುವುದು ತಮ್ಮ ಊರಿನ ಕನ್ನಡದಲ್ಲಿ. ಸಾವಿನ ಬಗ್ಗೆ ಕೇಳುವ ಆ ಮೊದಲ ಪ್ರಶ್ನೆಯನ್ನು ಬಾಯಿಬಿಟ್ಟು ನಾಲ್ಕು ಸಲ ಗೆಳತಿಯ ಮುಂದೆ ಹೇಳಿ ನೋಡಿ. ನಾಲಿಗೆಗೆ ಅಭ್ಯಾಸ ಆಗಲಿ.

ಯೋಗ್ಯತೆಯ ವಿಷಯ. ಭಯ ಪಟ್ಟು ಬೇರೆಯವರನ್ನು ಕೇಳಿದಿರಿ. ಯಾರನ್ನೂ ಕೇಳದೆ ಆರಾಮಾಗಿ ಇದ್ದಿದ್ದರೆ ನನಗೆ ಚಿಂತೆ ಆಗುತ್ತಿತ್ತು.

ಪ್ರಶ್ನೆ: ಈಗಿನ ಹುಡುಗರು ಎಲ್ಲದಕ್ಕೂ ಸೂಪರ್‌ವಿಷನ್ ಎನ್ನುತ್ತಾರೆ, ಅದೂ ಪುಕ್ಕಟೆ ಬೇಕು. ನಾವೆಲ್ಲ ಯಾರನ್ನು ಕೇಳಿ ಕಲಿತೆವು? ನೀವು ಅವರನ್ನು ಮುದ್ದು ಮಾಡಿ ಹಾಳು ಮಾಡುತ್ತಿದ್ದೀರಿ.
— ಒಬ್ಬ ಹಿರಿಯ ಆಪ್ತಸಮಾಲೋಚಕ

ಉತ್ತರ: ಪುಕ್ಕಟೆ ಬೇಡ, ಫೀಸು ತಗೊಳ್ಳಿ ಸರ್. ನಾನೂ ತಗೊಳ್ಳುತ್ತೇನೆ, ಸಂಪಾದನೆ ಇಲ್ಲದವರಿಗೆ ಮಾತ್ರ ಬಿಡುತ್ತೇನೆ. ಯಾರನ್ನೂ ಕೇಳದೆ ಕಲಿತೆವು ಎಂಬುದು ನಮಗೆ ಹೆಮ್ಮೆಯ ವಿಷಯ ಇರಬಹುದು. ಆಗ ನಮ್ಮ ಮುಂದೆ ಕೂತಿದ್ದವರನ್ನು ಯಾರೂ ಕೇಳಿಲ್ಲವಲ್ಲ.

ಪ್ರಶ್ನೆ: ನನ್ನ ಥೆರಪಿಸ್ಟ್ ಇನ್ನೂ ಟ್ರೇನಿ. ಸೆಷನ್ ರೆಕಾರ್ಡ್ ಮಾಡಿ ಸೀನಿಯರ್‌ಗೆ ಕೇಳಿಸಬಹುದಾ ಎಂದು ಕೇಳಿದರು. ಹುಬ್ಬಳ್ಳಿ ಎಷ್ಟು ದೊಡ್ಡದಾದರೂ ನಮ್ಮ ಮಂದಿಗೆ ಸಣ್ಣದೇ. ನಾನು ಹೇಳಿದ್ದು ಯಾರಿಗೋ ಗೊತ್ತಾದರೆ?
— ಹುಬ್ಬಳ್ಳಿಯ ಗೃಹಿಣಿ

ಉತ್ತರ: ನಾನು ಧಾರವಾಡದಾಕಿ, ಆ "ನಮ್ಮ ಮಂದಿ" ಎಷ್ಟು ಹತ್ತಿರ ಅಂತ ನನಗೆ ಗೊತ್ತು. ಮದುವೆ ಮನೆಯಲ್ಲಿ ಎರಡು ಸಾಲು ಊಟ ಮುಗಿಯುವುದರೊಳಗೆ ಸುದ್ದಿ ಒಂದು ಸುತ್ತು ಹಾಕಿರುತ್ತದೆ.

ಬೇಡ ಎನ್ನುವ ಹಕ್ಕು ನಿಮಗಿದೆ. ಬೇಡ ಎಂದಿದ್ದಕ್ಕೆ ಅವರು ನಿಮ್ಮನ್ನು ನೋಡುವುದನ್ನು ನಿಲ್ಲಿಸಬಾರದು, ಮುಖ ಸಣ್ಣದು ಮಾಡಿಕೊಳ್ಳಲೂಬಾರದು. ಆದರೆ ಬೇಡ ಎನ್ನುವ ಮೊದಲು ನಾಲ್ಕು ವಿಷಯ ಕೇಳಿ. ಕೇಳಿಸಿಕೊಳ್ಳುವ ಸೀನಿಯರ್ ಹೆಸರೇನು? ಹೆಸರು ಕೇಳಿದಾಗ ನಿಮ್ಮ ಅತ್ತಿಗೆಯ ಪಕ್ಕದ ಮನೆಯವರು ಎಂದು ಗೊತ್ತಾದರೆ, ಸುಮ್ನೆ ಸಹಿಸಿಕೊಳ್ಳಬೇಡಿ, ಬೇರೆ ಸೀನಿಯರ್ ಬೇಕು ಎನ್ನಿ. ರೆಕಾರ್ಡಿಂಗ್ ಎಲ್ಲಿರುತ್ತದೆ? ಥೆರಪಿಸ್ಟ್‌ನ ಸ್ವಂತ ಮೊಬೈಲ್‌ನಲ್ಲಿ, ಫ್ಯಾಮಿಲಿ ಫೋಟೋಗಳ ಪಕ್ಕದಲ್ಲಿ ಇರಬಾರದು. ವಾಟ್ಸಾಪ್‌ನಲ್ಲಿ ಕಳಿಸಲೇಬಾರದು. ಯಾವಾಗ ಅಳಿಸುತ್ತಾರೆ? ನಡುವೆ ನನ್ನ ಮನಸ್ಸು ಬದಲಾದರೆ? ಉತ್ತರ ಬಂದ ಮೇಲೆ ಒಪ್ಪಿಗೆಯನ್ನು ಬರೆದು ಸಹಿ ಹಾಕಿ, ಒಂದು ಪ್ರತಿ ನೀವಿಟ್ಟುಕೊಳ್ಳಿ.

ರೆಕಾರ್ಡ್ ಬೇಡ ಎಂದರೂ ಸೀನಿಯರ್ ಜೊತೆ ಹೆಸರಿಲ್ಲದೆ ಚರ್ಚೆ ಮಾಡುತ್ತಾರೆ, ಮಾಡಲೇಬೇಕು. ಕಲಿಯುವವರು ನಿಮ್ಮ ಕೇಸನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡರೆ ನಿಮ್ಮ ಗುಟ್ಟೇನೋ ಉಳಿಯುತ್ತದೆ, ಅವರು ತಪ್ಪು ದಾರಿ ಹಿಡಿದರೆ ಹೇಳುವವರು ಇರುವುದಿಲ್ಲ. ಇಂಥವರ ಜೊತೆ ಚರ್ಚೆ ಮಾಡುತ್ತೇನೆ ಎಂದು ಅವರು ಮೊದಲ ದಿನವೇ ನಿಮಗೆ ತಿಳಿಸಬೇಕಿತ್ತು. ನಿಮ್ಮ ಟ್ರೇನಿ ಅನುಮತಿ ಕೇಳಿದ್ದಾರೆ ಎಂದರೆ ಅವರಿಗೆ ಕಲಿಸುವವರು ಸರಿಯಾಗಿಯೇ ಕಲಿಸುತ್ತಿದ್ದಾರೆ.

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ಊರಿನ ಹೆಂಗಸರು ತಮ್ಮ ದುಃಖ ಹೇಳಿಕೊಳ್ಳಲು ನನ್ನ ಹತ್ತಿರವೇ ಬರುತ್ತಾರೆ. ಪದವಿ ಇಲ್ಲದ ನಾನು ಇದನ್ನು ಮಾಡಬಹುದಾ? ತಿಳಿಯದೆ ಯಾರಿಗಾದರೂ ಕೆಡುಕು ಮಾಡಿದರೆ?
— ರಾಯಚೂರು ಜಿಲ್ಲೆಯ ಓದುಗರು

ಉತ್ತರ: ಟೀಚರ್, ನಿಮಗೆ ಗೋವಾದ ಒಂದು ಕೆಲಸದ ಬಗ್ಗೆ ಹೇಳಬೇಕು. ಅಲ್ಲಿ ಸಂಗಾತ್ ಎಂಬ ಸಂಸ್ಥೆಯಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಅವರ ತಂಡ, ಮಾನಸಿಕ ಆರೋಗ್ಯದ ಯಾವ ಪದವಿಯೂ ಇಲ್ಲದ ಸ್ಥಳೀಯರನ್ನು ಆರಿಸಿಕೊಂಡು ತರಬೇತಿ ಕೊಟ್ಟಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯಿಂದ ಬಳಲುವವರ ಜೊತೆ ಆರರಿಂದ ಎಂಟು ಸೆಷನ್ ಮಾತ್ರ. ಜೀವನದಲ್ಲಿ ಬಿಟ್ಟುಹೋದ ಕೆಲಸ, ಓಡಾಟ, ಜನರ ಒಡನಾಟಕ್ಕೆ ಮತ್ತೆ ಸ್ವಲ್ಪ ಸ್ವಲ್ಪವೇ ಮರಳುವಂತೆ ಮಾಡುವ ವಿಧಾನ. ಫಲಿತಾಂಶ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು: ಮೂರು ತಿಂಗಳ ನಂತರ, ಈ ಸಹಾಯ ಸಿಕ್ಕವರಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲು ಆರೈಕೆ ಮಾತ್ರ ಸಿಕ್ಕವರಲ್ಲಿ 39.

ಎಲ್ಲರೂ ಈ ಅಂಕಿಯನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅವರು ಕೆಲಸ ಮಾಡಿದ ರೀತಿ. ತರಗತಿ ತರಬೇತಿ ಕೆಲವೇ ವಾರದ್ದು. ಆಮೇಲೆ ತಿಂಗಳುಗಟ್ಟಲೆ ನಿಜವಾದ ರೋಗಿಗಳ ಜೊತೆ, ಹಿರಿಯರ ಕಣ್ಣೆದುರು ಕೆಲಸ. ಸೆಷನ್‌ಗಳ ಆಡಿಯೋ ರೆಕಾರ್ಡ್ ಆಗುತ್ತಿತ್ತು. ಕೌನ್ಸೆಲರ್‌ಗಳು ಗುಂಪಾಗಿ ಕೂತು ಅದರಲ್ಲಿ ಒಂದನ್ನು ಕೇಳಿ, ಒಂದು ಅಳತೆಪಟ್ಟಿ ಹಿಡಿದು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಂಕ ಕೊಡುತ್ತಿದ್ದರು. ಮೊದಲು ತಜ್ಞರು ನಡೆಸುತ್ತಿದ್ದ ಈ ಸಭೆಯನ್ನು ಬರಬರುತ್ತಾ ಅವರೇ ನಡೆಸಿದರು. ಗೋವಾದ ಈ ಪದವಿಯಿಲ್ಲದ ಕೌನ್ಸೆಲರ್‌ಗೆ ಸಿಕ್ಕ ಸೂಪರ್‌ವಿಷನ್, ಇದೇ ಪುಟದಲ್ಲಿರುವ ಎಂ.ಎಸ್ಸಿ. ಮುಗಿಸಿದ ಬೆಂಗಳೂರಿನ ಹುಡುಗಿಗೆ ಸಿಕ್ಕಿಲ್ಲ. ನೋಡಿ ಹೇಗಿದೆ.

ನಮ್ಮಲ್ಲೂ ಈ ಯೋಚನೆ ಹಳೆಯದೇ. ನಿಮ್ಮ ಪಕ್ಕದ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಿದರು. ಆ ಮಾದರಿಯೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ನೀವು ಕೇಳಿಸಿಕೊಳ್ಳುವುದನ್ನು ಖಂಡಿತ ಬಿಡಬೇಡಿ. ಬೋರ್ಡ್ ಹಾಕಬೇಡಿ, ಥೆರಪಿ ಎನ್ನಬೇಡಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ತಂಡದ ಪರಿಚಯ ಮಾಡಿಕೊಂಡು ಒಂದು ಫೋನ್ ನಂಬರು ಕೈಯಲ್ಲಿಟ್ಟುಕೊಳ್ಳಿ. ಯಾರಾದರೂ ಇಲ್ಲದ ದನಿ ಕೇಳಿಸುತ್ತದೆ ಎಂದರೆ, ಬಾಣಂತಿ ಮಗುವನ್ನು ನೋಡಲೂ ಒಲ್ಲೆ ಎಂದರೆ, ಸಾಯುವ ಮಾತು ಬಂದರೆ, ಆ ದಿನವೇ ಅವರಿಗೆ ಒಪ್ಪಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯಲ್ಲಿ ಎಲ್ಲರಿಗೂ ಕಡ್ಡಾಯ. "ಮನೆ ಮರ್ಯಾದೆ" ಎಂದು ಊರಿನವರು ತಡೆಯುತ್ತಾರೆ. ಮೂವತ್ತು ವರ್ಷ ತರಗತಿ ನಡೆಸಿದ ಬಾಯಿ, ಆ ಹೊತ್ತಿಗೆ ಉಪಯೋಗಕ್ಕೆ ಬರಲಿ.

ಪ್ರಶ್ನೆ: ಪಿಯುಸಿ ಓದುತ್ತಿರುವ ಮಗಳು ಥೆರಪಿಸ್ಟ್ ಆಗುತ್ತೇನೆ ಎನ್ನುತ್ತಾಳೆ. ಆನ್‌ಲೈನ್‌ನಲ್ಲಿ ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸೂ ಇದೆಯಂತೆ. ಯಾವುದು ಸರಿ?
— ತುಮಕೂರಿನ ತಂದೆ

ಉತ್ತರ: ಮೂರು ತಿಂಗಳ ಕೋರ್ಸ್ ಕುತೂಹಲಕ್ಕೆ ಸರಿ, ಕ್ಲಿನಿಕ್ ತೆರೆಯಲು ಅಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕೆಲಸ ಮಾಡಬೇಕಾದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಿದ ಓದು ಮತ್ತು ಅದರ ನೋಂದಣಿ ಬೇಕು. 1992ರ ಕಾಯ್ದೆಯಿದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ಹೇಳುವಾಗ, ಎಂ.ಎ. ಆದ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಮತ್ತು ಅದರೊಳಗೆ ಮೇಲ್ವಿಚಾರಣೆಯಲ್ಲಿ ನಡೆದ ಕ್ಲಿನಿಕಲ್ ತರಬೇತಿ ಇರುವುದನ್ನು ಒಂದು ದಾರಿಯಾಗಿ ಹೇಳುತ್ತದೆ. ಸೂಪರ್‌ವಿಷನ್ ನನ್ನ ಹಟ ಅಲ್ಲ, ಕಾನೂನಿನ ಮಾತು. ದೇಶದಲ್ಲಿ ಈ ತರಬೇತಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಈಗಿನ ನಿಮ್ಹಾನ್ಸ್ ಜಾಗದಲ್ಲಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅದರ ಮುಖ್ಯಸ್ಥರಾಗಿದ್ದ ಡಾ. ಎಂ.ವಿ. ಗೋವಿಂದಸ್ವಾಮಿ ಅವರ ಕಾಲದಲ್ಲಿ, 1955ರಲ್ಲಿ. ಈಗ ಎಂ.ಫಿಲ್. ಪದವಿಯನ್ನೇ ನಿಲ್ಲಿಸುತ್ತಿದ್ದಾರೆ. ಕ್ಲಿನಿಕಲ್ ಸೈಕಾಲಜಿಗೆ ಯುಜಿಸಿ 2025-26ರವರೆಗೆ ಮಾತ್ರ ವಿನಾಯಿತಿ ಕೊಟ್ಟಿತ್ತು. ಅದರ ಜಾಗಕ್ಕೆ ಬೇರೆ ಪದವಿಗಳು ಬರುತ್ತಿವೆ. ಮಗಳು ಸೇರುವ ಹೊತ್ತಿಗೆ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಆ ಕಾಲೇಜಿನ ಆ ಕೋರ್ಸಿನ ಹೆಸರಿದೆಯಾ ಎಂದು ನೀವೇ ನೋಡಿ. ಏಜೆಂಟನ ಮಾತು ಕೇಳಬೇಡಿ.

ಕೌನ್ಸೆಲರ್ ಎಂಬ ಬೋರ್ಡಿಗೆ ಮಾತ್ರ ಇಷ್ಟು ಬಿಗಿ ಇಲ್ಲ. ಇಂಥ ಕೆಲಸಗಳನ್ನೂ ನಿಯಮದೊಳಗೆ ತರಲು 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ಬಂತು. ಅದು ಪೂರ್ತಿ ಜಾರಿಗೆ ಬರುವವರೆಗೆ ಒಳ್ಳೆಯ ಕಾಲೇಜನ್ನು ಗುರುತಿಸಲು ನನ್ನ ಉಪಾಯ ಇದು: ಕಟ್ಟಡ ನೋಡಬೇಡಿ, ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬಳನ್ನು ಹಿಡಿದು, "ನೀನು ನಿಜವಾದ ಕ್ಲೈಂಟುಗಳನ್ನು ನೋಡುವಾಗ ನಿನ್ನ ಕೆಲಸವನ್ನು ಯಾರು ನೋಡುತ್ತಾರೆ?" ಎಂದು ಕೇಳಿ. ಅವಳು ತಡವರಿಸಿದರೆ ಮುಂದಿನ ಕಾಲೇಜಿಗೆ ನಡೆಯಿರಿ.

ಪ್ರಶ್ನೆ: ಆಸ್ಪತ್ರೆಯಲ್ಲಿ ನನ್ನನ್ನು ನೋಡುತ್ತಿದ್ದ ಟ್ರೇನಿಯ ಪೋಸ್ಟಿಂಗ್ ಮುಗಿಯಿತಂತೆ. ಇನ್ನೆರಡು ವಾರಕ್ಕೆ ಹೊಸಬರು ಬರುತ್ತಾರೆ. ಬಾಯಿಬಿಡಲು ನನಗೆ ತಿಂಗಳುಗಳೇ ಹಿಡಿದಿತ್ತು. ಎಲ್ಲ ಮೊದಲಿನಿಂದ ಹೇಳಬೇಕಾ? ನಿಲ್ಲಿಸಿಬಿಡೋಣ ಅನ್ನಿಸುತ್ತಿದೆ.
— ಮಂಗಳೂರಿನ ಓದುಗರು

ಉತ್ತರ: ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ಕಲಿಸುವ ಆಸ್ಪತ್ರೆಗಳಲ್ಲಿ ಫೀಸು ಕಡಿಮೆ, ಸೂಪರ್‌ವಿಷನ್ ಗಟ್ಟಿ, ಆದರೆ ಜನ ಬದಲಾಗುತ್ತಲೇ ಇರುತ್ತಾರೆ. ಪೋಸ್ಟಿಂಗ್ ಯಾವಾಗ ಮುಗಿಯುತ್ತದೆ ಎಂದು ನಿಮಗೆ ಮೊದಲ ದಿನವೇ ಹೇಳಬೇಕಿತ್ತು.

ಉಳಿದ ಎರಡು ವಾರವನ್ನು ಹಾಳು ಮಾಡಿಕೊಳ್ಳಬೇಡಿ. ಬೇಜಾರಾಗಿದೆ ಎಂದು ಆ ಟ್ರೇನಿಗೇ ಹೇಳಿ. ಹೋಗುವ ದಿನ ಚೆನ್ನಾಗಿ ಹೋಗುವುದು ಹೇಗೆ ಎಂದು ಅವರೂ ಕಲಿಯಬೇಕು. ಹೊಸಬರು ಮತ್ತು ಹಳಬರು ಇಬ್ಬರೂ ಜೊತೆಗೆ ಕೂತು ಒಂದು ಸೆಷನ್ ಮಾಡಲು ಸಾಧ್ಯವಾ ಎಂದು ಕೇಳಿ, ಅನೇಕ ಕಡೆ ಮಾಡುತ್ತಾರೆ. ನಿಮ್ಮ ಬಗ್ಗೆ ಬರೆದ ಕೊನೆಯ ಸಾರಾಂಶವನ್ನು ನಿಮಗೆ ಓದಿ ಹೇಳಲಿ. ಯಾವುದು ತಪ್ಪಾಗಿದೆ, ಯಾವುದು ಹೊಸಬರಿಗೆ ಈಗಲೇ ಬೇಡ ಎಂದು ತಿಳಿಸಿ. ಇಬ್ಬರಿಗೂ ಮೇಲಿರುವ ಸೂಪರ್‌ವೈಸರ್ ಬದಲಾಗುವುದಿಲ್ಲ. ಅವರನ್ನು ಒಂದು ಸಲ ಭೇಟಿ ಮಾಡಿ ಮುಖ ಪರಿಚಯ ಮಾಡಿಕೊಂಡರೆ ಒಳ್ಳೆಯದು.

ಹೊಸಬರು ಮೊದಲ ದಿನ "ಮೊದಲಿನಿಂದ ಹೇಳಿ" ಎಂದರೆ, "ಫೈಲ್ ಓದಿಕೊಂಡು ಬನ್ನಿ, ಮುಂದಿನ ವಾರ ಮಾತಾಡೋಣ" ಎನ್ನಿ. ಅಷ್ಟು ಹೇಳಿದ್ದಕ್ಕೆ ಯಾರೂ ನಿಮ್ಮನ್ನು ಕಷ್ಟದ ಪೇಷೆಂಟ್ ಎನ್ನುವುದಿಲ್ಲ. ಎಂದರೂ ಎನ್ನಲಿ ಬಿಡಿ.